ಕೋರಿ ಅಲ್ಲದ ಕುಂಚಿಗೆ

ನಾನು ಒಂದು ಖಣ, ಕುಪ್ಪಸದ ಬಟ್ಟೆ. ಗುಳೇದಗುಡ್ಡದ ಮಗ್ಗದ ಮೇಲೆ ಹುಟ್ಟಿದೆ. ಮೈ ಕೆಂಪು, ಅಂಚು ಹಳದಿ. ಅಂಗಡಿಯ ಕಪಾಟಿನಲ್ಲಿ ಗಂಜಿಯ ಬಲದಿಂದ ಸೆಟೆದು ಕೂತಿದ್ದೆ. ಆ ಸೆಟೆತ ನನ್ನ ಸ್ವಂತ ಗುಣವೆಂದೇ ನಂಬಿದ್ದೆ.

ನನ್ನನ್ನು ಕೊಂಡವಳು ನೀಲವ್ವ. ಅವಳ ಮಗಳು ಸುವರ್ಣಾ ಚೊಚ್ಚಲು ಹೆತ್ತಿದ್ದಳು. ತೊಟ್ಟಿಲ ದಿನ ತವರಿನಿಂದ ಕುಂಚಿಗೆ ಹೋಗಬೇಕು: ಕೂಸಿನ ತಲೆಗೆ ಟೊಪ್ಪಿಗೆ, ಅದರಿಂದಲೇ ಬೆನ್ನಿಗೆ ಇಳಿಬೀಳುವ ಸೆರಗು. ಮನೆಗೆ ತಂದ ನೀಲವ್ವ ನನ್ನನ್ನು ಕೆನ್ನೆಗೆ ಒತ್ತಿಕೊಂಡಳು, ಮೂಸಿದಳು, ಕಿವಿಯ ಹತ್ತಿರ ಹಿಚುಕಿ ಸದ್ದು ಕೇಳಿದಳು. ಇಷ್ಟು ಉಪಚಾರ ಮುಗಿಸಿ ಉಪ್ಪುನೀರಿನ ಬೋಗುಣಿಯಲ್ಲಿ ಮುಳುಗಿಸಿದಳು.

ನನ್ನ ಬಣ್ಣ ಬಯಲಾಯಿತು. ನೀರು ತಿಳಿಯಾಗುವವರೆಗೂ ಅವಳು ಬಿಡಲಿಲ್ಲ. ನೆರಳಲ್ಲಿ ಒಣಗುವಷ್ಟರಲ್ಲಿ ಗಂಜಿ ಹೋಗಿತ್ತು, ಸೆಟೆತ ಹೋಗಿತ್ತು, ಮೈಯೇ ಕುಗ್ಗಿತ್ತು. ವಿಚಿತ್ರವೆಂದರೆ, ಈಗ ಅವಳು ಮೊದಲಿಗಿಂತ ಹೆಚ್ಚು ಹೊತ್ತು ಸವರುತ್ತ ಕೂತಳು. ಆಮೇಲೆಯೇ ಕತ್ತರಿ ತೆಗೆದದ್ದು.

ಸುವರ್ಣಾ ಮಾತ್ರ ಅಳುಕಿದಳು. ಶುಭಕಾರ್ಯಕ್ಕೆ ಕೊಡುವ ಬಟ್ಟೆ ಕೋರಿ ಇರಬೇಕು, ಅಂದರೆ ನೀರು ಕಾಣದ್ದು. ಅವಳ ಅತ್ತೆ ಗುರುಬಸವ್ವ ಮೂಗಿನಿಂದಲೇ ಬಟ್ಟೆಯ ಜಾತಕ ಓದುವವಳು. ತವರಿನವರು ಉಟ್ಟ ಬಟ್ಟೆ ತಂದರೆಂಬ ಮಾತು ಒಮ್ಮೆ ಹುಟ್ಟಿದರೆ ಸುವರ್ಣಾ ಅದನ್ನು ಆ ಮನೆಯಲ್ಲಿ ಜನ್ಮವಿಡೀ ಕೇಳಬೇಕು.

ತೊಟ್ಟಿಲ ದಿನ ತನ್ನ ಮನೆಯ ಪಡಸಾಲೆಯಲ್ಲಿ ಗುರುಬಸವ್ವ ನನ್ನನ್ನು ಮೂಸಿದಳು.

“ಬೀಗತ್ಯಾರ, ಇದು ಕೋರಿ ಅಲ್ಲ. ಯಾರು ಉಟ್ಟಿದ್ರು?”

“ಯಾರೂ ಉಟ್ಟಿಲ್ರಿ, ನೀರಿಗೆ ಹಾಕೇನಿ,” ಎಂದಳು ನೀಲವ್ವ. “ಕೂಸಿಗೂ ಹುಟ್ಟಿದ ದಿನಾನ ನೀರು ಎರದಾರ. ಅದೇನು ಹಳೇದಾತೇನ್ರಿ?”

ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ಗುರುಬಸವ್ವ ನಗಲಿಲ್ಲ. ನನ್ನನ್ನು ಬದಿಗಿಟ್ಟು, ತನ್ನ ಮಗಳು ತಂದಿದ್ದ ಹಸಿರು ಕೋರಿ ಕುಂಚಿಗೆಯನ್ನು ಕೂಸಿಗೆ ತೊಡಿಸಿದಳು. ಅದು ಗರಗರ ಎನ್ನುತ್ತ ಏರಿ ಕೂತಿತು. ಪಡಸಾಲೆ ತುಂಬ ಜನ, ವಿಪರೀತ ಸೆಕೆ. ಕೂಸು ಬೆವರಿತು, ಚೀರಿತು. ಕುಂಚಿಗೆ ಬಿಚ್ಚಿದರೆ ಹಣೆಯೆಲ್ಲ ಹಸಿರು.

“ಸುವರ್ಣಾ ಗಿಳಿ ಹಡದಾಳ ನೋಡ್ರಿ,” ಎಂದಿತು ಮೂಲೆಯ ಒಂದು ಮುದಿ ದನಿ.

ಗುರುಬಸವ್ವ ಬೆರಳನ್ನು ನೀರಲ್ಲದ್ದಿ ನನ್ನ ಮೈಗೆ ಬಲವಾಗಿ ತಿಕ್ಕಿದಳು. ಸುವರ್ಣಾ ಉಸಿರು ಬಿಗಿಹಿಡಿದಳು. ಉಸಿರಿದ್ದಿದ್ದರೆ ನಾನೂ ಹಿಡಿಯುತ್ತಿದ್ದೆ. ಬೆರಳಿಗೆ ಬಣ್ಣ ಹತ್ತಲಿಲ್ಲ. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕೂಸಿನ ಹಣೆ ಒರೆಸಿ, ನನ್ನನ್ನು ತೊಡಿಸಿದಳು. ಅಳು ನಿಂತಿತು.

“ಮೆತ್ತಗ ಐತಿ,” ಎಂದಳು. ಸೊಸೆಗಲ್ಲ, ಬೀಗತಿಗೂ ಅಲ್ಲ, ಕೂಸಿಗೆ. ಸುವರ್ಣಾಳಿಗೆ ಅಷ್ಟು ಸಾಕಾಗಿತ್ತು.

ಆ ಕೂಸು, ಅದರ ತಮ್ಮ, ನೆರೆಮನೆಯ ಎರಡು ಕೂಸು, ಎಲ್ಲರ ತಲೆಯನ್ನೂ ಕಾದು ಈಗ ನಾನು ಕೌದಿಯ ಒಂದು ತೇಪೆಯಾಗಿದ್ದೇನೆ. ಪಕ್ಕದಲ್ಲೇ ಆ ಹಸಿರು ಕುಂಚಿಗೆಯ ತುಂಡು; ಬಣ್ಣ ಬಿಟ್ಟು ಬಿಟ್ಟು ಅದಕ್ಕೂ ಈಗ ಒಳ್ಳೆಯ ಬುದ್ಧಿ ಬಂದಿದೆ. ಕೌದಿ ಹೊದೆಯುವವಳು ಗುರುಬಸವ್ವ. ಮನೆಗೆ ಹೊಸ ಬಟ್ಟೆ ಬಂದರೆ, ಹೊಲಿಯುವ ಮೊದಲು ನೀರಿಗೆ ಹಾಕಿರೆಂದು ಅವಳೇ ಕೂಗಿ ಹೇಳುತ್ತಾಳೆ. ಅದು ತನ್ನ ತವರಿನ ಪದ್ಧತಿಯಂತೆ.

ಸುವರ್ಣಾ ಮುಗುಳ್ನಗುತ್ತಾಳೆ. ನನಗೂ ತಕರಾರಿಲ್ಲ. ಕುಗ್ಗುವುದನ್ನೆಲ್ಲ ಆ ಬೋಗುಣಿಯಲ್ಲೇ ಕುಗ್ಗಿ ಮುಗಿಸಿದ್ದೇನೆ.