ಗೆರೆಯೊಳಗಿನ ಮುಳ್ಳು

ಕಚೇರಿಯಲ್ಲಿ ಎಲ್ಲರೂ ಅವನನ್ನು ಜಿಪುಣ ಎಂದೇ ಕರೆಯುತ್ತಿದ್ದರು. ಜಿಪುಣತನವೆಲ್ಲ ಕಂಪ್ಯೂಟರಿನ ಮೆಮೊರಿಯ ವಿಷಯದಲ್ಲಿ ಮಾತ್ರ. ಚಿಪ್ಪಿನ ವಿನ್ಯಾಸವನ್ನು ಕಾರ್ಖಾನೆಗೆ ಕಳಿಸುವ ಮೊದಲು ಕಂಪ್ಯೂಟರಿನಲ್ಲೇ ಓಡಿಸಿ ನೋಡುತ್ತಾರೆ. ಪ್ರತಿ ತಂತಿ ಸೊನ್ನೆಗಿಳಿದದ್ದು, ಒಂದಕ್ಕೇರಿದ್ದು ಎಲ್ಲ ಫೈಲಿಗೆ ಬೀಳುತ್ತದೆ. ಈ ಸಲದ ಫೈಲು ತೊಂಬತ್ತು ಜಿಬಿ. ಒಂದೊಂದು ತಂತಿಯನ್ನೂ ಒಂದೊಂದು ಗೆರೆಯಾಗಿ ಪರದೆಯಲ್ಲಿ ತೋರಿಸುವ ಹಳೆಯ ವ್ಯೂವರ್ ಅದನ್ನು ಇಡಿಯಾಗಿ ನುಂಗಲು ಹೋಗಿ ಅರ್ಧ ದಿನ ಒದ್ದಾಡಿ ಪ್ರಾಣ ಬಿಡುತ್ತಿತ್ತು. ಜಿಪುಣ ಎಂಟು ತಿಂಗಳು ಕೂತು ಹೊಸದನ್ನು ಬರೆದಿದ್ದ. ಪರದೆಗೆ ಬೇಕಾದಷ್ಟನ್ನೇ ಫೈಲಿನಿಂದ ತಂದು, ಹಾಸಿಗೆ ಇದ್ದಷ್ಟೇ ಕಾಲು ಚಾಚುವ ವ್ಯೂವರ್ ಅದು.

ಚಿಪ್ಪು ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ಉಸಿರಾಟದ ಯಂತ್ರದ್ದು. ಪರೀಕ್ಷೆಯ ಕೊನೆಯಲ್ಲಿ ಒಂದೇ ಒಂದು ಉಸಿರು ತಪ್ಪಿತ್ತು. ಕಾರಣ ಎಲ್ಲೋ ಹಿಂದೆ ಇತ್ತು. ಸಂಜೆ ಐದರೊಳಗೆ ಅದು ಸಿಗದಿದ್ದರೆ ವಿನ್ಯಾಸ ಹಾಗೆಯೇ ಕಾರ್ಖಾನೆಗೆ ಹೊರಡುತ್ತದೆ. ಜಿಪುಣನ ಮಗಳು ಏಳು ತಿಂಗಳಿಗೇ ಹುಟ್ಟಿ ಮೂರು ವಾರ ಅಂಥ ಯಂತ್ರದಲ್ಲಿ ಉಸಿರಾಡಿದವಳು. ಈಗ ಅಪ್ಪನಿಗೇ ಬುದ್ಧಿ ಹೇಳುತ್ತಾಳೆ.

ಮೂರು ಗಂಟೆಗೆ ಪರೀಕ್ಷಕಿ, ಎಲ್ಲರಿಗೂ ಅಕ್ಕ, ಅವನ ಬೆನ್ನ ಹಿಂದೆ ನಿಂತಳು. ಹೊಸ ವ್ಯೂವರಿನಲ್ಲಿ ಫೈಲು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಎರಡು ಸೆಕೆಂಡಿನ ಓಟವೆಲ್ಲ ಒಂದೇ ಪರದೆಯಲ್ಲಿತ್ತು.

"ಭಲೇ ಜಿಪುಣ! ಆದ್ರೆ ಲೆಕ್ಕ ಎಲ್ಲ ಸೊನ್ನೆ ಮಾಡೋ ಈ ರೀಸೆಟ್ ಗೆರೆ ಯಾಕೋ ತೀರಾ ಸಾಧು ಥರ ಮಲಗಿದೆ."

"ಅದು ಏನೂ ಮಾಡಿಲ್ಲ ಅಕ್ಕ."

"ಪರದೆಯ ಒಂದು ಚುಕ್ಕೆ ಅಗಲ ಅಂದ್ರೆ ಎಷ್ಟು ಹೊತ್ತು?"

"ಒಂದು ಮಿಲಿಸೆಕೆಂಡ್."

"ಅಷ್ಟರೊಳಗೆ ಆಗಿದ್ದೆಲ್ಲ ನೋಡ್ತೀಯಾ?"

"ಇಲ್ಲ... ಚುಕ್ಕೆ ಶುರುವಾಗೋ ಕಡೆ ಮಾತ್ರ ನೋಡ್ತೀನಿ. ಮೆಮೊರಿ ಉಳಿಯುತ್ತೆ ಅಂತ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವನ ಚಂದದ ಗೆರೆ ಸುಳ್ಳು ಹೇಳುತ್ತಿತ್ತು. ನಾಚಿಕೆಯಾಯಿತು, ಭಯವೂ ಆಯಿತು.

ಒಂದು ಗಂಟೆ ಅವನು ತಲೆ ಎತ್ತಲಿಲ್ಲ. ಕಾಲದ ಪ್ರತಿ ತುಣುಕಿಗೂ 'ಇಲ್ಲಿ ಏನಾದರೂ ಬದಲಾಯಿತೇ' ಎಂಬ ಒಂದೇ ಗುರುತು. ಅದಕ್ಕಷ್ಟೇ ಮೆಮೊರಿ ಬಿಚ್ಚಿದ. ನಾಲ್ಕೂ ಇಪ್ಪತ್ತಕ್ಕೆ ಫೈಲು ಮತ್ತೆ ತೆರೆಯಿತು. ಮಲಗಿದ್ದ ಗೆರೆಯ ಮೇಲೆ ಕೂದಲಿನಷ್ಟು ಸಣ್ಣ ಮುಳ್ಳೊಂದು ಎದ್ದು ನಿಂತಿತ್ತು.

ಅವನು ಒಳಹೊಕ್ಕ. ಸಾವಿರ ಪಟ್ಟು, ಮತ್ತೆ ಸಾವಿರ ಪಟ್ಟು. ಸುತ್ತ ಸಾವಿರಾರು ತಂತಿಗಳು ತಾಳ ತಪ್ಪದೆ ಏರಿಳಿಯುತ್ತಿದ್ದವು. ನಡುವೆ ಎರಡು ನ್ಯಾನೋಸೆಕೆಂಡಿನ ಏಟು: ಇಡೀ ಓಟದ ನೂರು ಕೋಟಿಯಲ್ಲಿ ಒಂದು ಪಾಲು. ಉಸಿರು ಎಣಿಸುವ ಲೆಕ್ಕವನ್ನು ಅದು ಸೊನ್ನೆ ಮಾಡಿತ್ತು.

"ಗುಡ್ಡ ಅಗೆದು ಇಲಿ ಹಿಡಿದೆ ಕಣೋ," ಎಂದಳು ಅಕ್ಕ. "ಕಳಿಸಬೇಡಿ ಅಂತ ಹೇಳ್ಬಿಟ್ಟು ಬರ್ತೀನಿ," ಎಂದು ಓಡಿದಳು.

ಜಿಪುಣ ಕೂತೇ ಇದ್ದ. ಮೂರು ವಾರ ಆಸ್ಪತ್ರೆಯಲ್ಲಿ ಅವನು ಮಗಳ ಯಂತ್ರದ ಒಂದು ಹಸಿರು ಗೆರೆಯನ್ನೇ ನಂಬಿ ಕೂತಿದ್ದ. ಹೆಸರು ಗೊತ್ತಿಲ್ಲದ ಯಾರೋ ಅದರೊಳಗೆ ಹೀಗೆ ಮೊದಲೇ ಇಣುಕಿ ನೋಡಿದ್ದರೆಂದು ಇವತ್ತೇ ಅವನಿಗೆ ಹೊಳೆದದ್ದು. ಮನೆಗೆ ಫೋನ್ ಮಾಡಿದ. ಆಟ ಬಿಟ್ಟು ಓಡಿಬಂದ ಮಗಳು ಏದುಸಿರು ಬಿಡುತ್ತಿದ್ದಳು.

"ಏನಪ್ಪಾ? ಮಾತಾಡು. ಇಲ್ದಿದ್ರೆ ಇಡ್ತೀನಿ."

"ಇಡಬೇಡ ಪುಟ್ಟಿ," ಎಂದ. "ಇನ್ನೊಂದು ನಿಮಿಷ ಹಾಗೇ ಇರು."