ಹಿಡಿಯ ಕೆಳಗಿನ ಬೆಳ್ಳಿ ಗೆರೆ

ಅರಸೀಕೆರೆಯಲ್ಲಿ ನನ್ನ ಮಾತನ್ನು ಯಾರೂ ನಂಬುವುದಿಲ್ಲ. ತಪ್ಪು ಅವರದಲ್ಲ. ನಮ್ಮಪ್ಪ ರಿಪೇರಿ ಮಾಡಿದ ಕೋವಿಯಿಂದ ಬಾಣಾವರದಲ್ಲಿ ಹಾರಿಸಿದ ಗುಂಡು ಪ್ಯಾಸೆಂಜರ್ ರೈಲು ಹತ್ತಿ ಅರಸೀಕೆರೆಯಲ್ಲಿ ಇಳಿದು, ಪ್ಲಾಟ್‌ಫಾರ್ಮಿನಲ್ಲಿ ಕಾಫಿ ಕುಡಿಯುತ್ತಿದ್ದವನ ಲೋಟದೊಳಗೆ ತಣ್ಣಗೆ ಬಿತ್ತು ಎಂದು ಹೇಳಿದವನು ನಾನು. ಸಕ್ಕರೆ ಗಟ್ಟಿಯಾಗಿದೆ ಎಂದುಕೊಂಡು ಅವನು ಕಲಕಿದ ಎಂದೂ ಹೇಳಿದ್ದೇನೆ. ಕೋವಿ ರಿಪೇರಿಯ ಲೈಸೆನ್ಸು ಇರುವ ಅಂಗಡಿಗೆ ಈಗ ವಾರಕ್ಕೊಬ್ಬ ಬಂದರೆ ಹೆಚ್ಚು. ಬಂದವನು ಕೂತಿರುವಷ್ಟು ಹೊತ್ತು ನಗಲಿ ಎಂದು ಶುರುಮಾಡಿದ್ದು ಆಮೇಲೆ ಚಟವಾಯಿತು.

ಹೋದ ಕಾರ್ತಿಕದಲ್ಲಿ ಗೆಂಡೆಹಳ್ಳಿ ಕಡೆಯ ಇಂದುಧರ ಒಂದು ರೈಫಲ್ ತಂದುಕೊಟ್ಟ. ಅವನ ಅಪ್ಪ ಷಡಕ್ಷರಪ್ಪನವರದು. ಹನ್ನೊಂದು ವರ್ಷದ ಹಿಂದೆ ಗದ್ದೆಗೆ ಬಂದ ಆನೆಯನ್ನು ಹೆದರಿಸಲು ಅವರು ಆಕಾಶಕ್ಕೆ ಗುಂಡು ಹಾರಿಸಿದರು. ಗುಂಡು ಮುಂದಕ್ಕೆ ಹೋಯಿತು, ಬೋಲ್ಟು ಹಿಂದಕ್ಕೆ ಬಂದು ಅವರ ಮುಖಕ್ಕೆ ಹೊಡೆಯಿತು. ಅವರು ಉಳಿಯಲಿಲ್ಲ. ಬೋಲ್ಟು ಎಂದರೆ ತೋಟಾವನ್ನು ಒಳಕ್ಕೆ ತಳ್ಳಿ ಹಿಂದಿನಿಂದ ಬಾಗಿಲು ಹಾಕುವ ಉಕ್ಕಿನ ಕೋಲು. ಅದರ ಹಿಡಿಯನ್ನು ಕೆಳಕ್ಕೆ ಪೂರ್ತಿ ಒತ್ತಿದರೆ ಬೀಗ ಬೀಳುತ್ತದೆ. ಅವತ್ತು ಆ ಹಿಡಿಯೂ ಮುರಿದು ಕೆಸರಿಗೆ ಬಿದ್ದಿತ್ತು. ತೋಟಾ ಹಳೆಯದು, ಅದಕ್ಕೇ ಹೀಗಾಯಿತು ಎಂದು ಊರು ಹೇಳಿತು, ಪೊಲೀಸರು ಬರೆದುಕೊಂಡರು. ಕೋವಿ, ಮುರಿದ ಹಿಡಿಯ ಸಮೇತ, ಠಾಣೆಯ ಮೂಲೆಯಲ್ಲಿ ಹನ್ನೊಂದು ವರ್ಷ ನಿಂತಿತು. ಈಗ ಆನೆಗಳು ಮತ್ತೆ ಬರುತ್ತಿವೆ. ಮಗ ತನ್ನ ಹೆಸರಿಗೆ ಲೈಸೆನ್ಸು ಮಾಡಿಸಿಕೊಂಡು, ಅಪ್ಪನ ಕೋವಿಯನ್ನೇ ಬಿಡಿಸಿಕೊಂಡಿದ್ದ.

ಮುರಿದ ಹಿಡಿಯ ಅಳತೆ ನೋಡಿ ಹೊಸದನ್ನು ಮಾಡಿ ಬೋಲ್ಟಿಗೆ ಕೂರಿಸಿಟ್ಟಿದ್ದೆ. ಹತ್ತನೇ ದಿನ ಇಂದುಧರ ಬಂದಾಗ ಜೊತೆಯಲ್ಲಿ ಅವನ ತಾಯಿ ಬಸಮ್ಮನೂ ಇದ್ದರು. ಬಿಳಿ ಕೂದಲು, ಹಣೆ ತುಂಬ ವಿಭೂತಿ, ಕಾಲು ನೋವಿನ ಎಣ್ಣೆಯ ವಾಸನೆ.

"ಇವತ್ತೇ ಬೇಕು ಕೆಂಚಣ್ಣ," ಎಂದ ಇಂದುಧರ. "ನೆನ್ನೆ ಪಕ್ಕದ ಗದ್ದೆಗೆ ಆನೆ ಬಂದಿದ್ವು. ಇವತ್ತು ನಮ್ದೇ ಪಾಳಿ."

"ಆನೆಗಳು ಪಾಳಿ ಮೇಲೇ ಬರಾದಪ್ಪ. ಬೇಲೂರ್‌ನಾಗೆ ಟೋಕನ್ ಕೊಡ್ತಾರೆ."

ಅವನು ನಗಲಿಲ್ಲ. ಕೋವಿ ವಾಪಸ್ ಕೊಡುವಾಗ ಲೈಸೆನ್ಸಿನ ನಕಲು ನಾನು ಇಟ್ಟುಕೊಳ್ಳಬೇಕು, ಅದನ್ನು ಅವನು ತಂದಿರಲಿಲ್ಲ. ಜೆರಾಕ್ಸ್ ಮಾಡಿಸಲು ಹೋದ. ಬಸಮ್ಮ ಸ್ಟೂಲಿನ ಮೇಲೆ ಕೂತರು.

ಹೊಸ ಹಿಡಿ ಸರಿಯಾಗಿ ಕೂತಿದೆಯೇ ಎಂದು ನೋಡಲು ನಮ್ಮಪ್ಪ ಕಲಿಸಿದ ದಾರಿ ಒಂದೇ. ಚಿಮಣಿ ದೀಪದ ಮಸಿಯನ್ನು ಹಿಡಿಯ ಅಡಿಗೆ ಹಿಡಿಸಿ, ಬೋಲ್ಟು ಹಾಕಿ, ಕೆಳಕ್ಕೆ ಒತ್ತಿ, ಎತ್ತಿ ನೋಡುವುದು. ಎಲ್ಲಿ ತಾಗಿತೋ ಅಲ್ಲಿ ಮಸಿ. ಹಿಡಿ ಇಳಿದು ಕೂರುವ ಉಕ್ಕಿನ ಸಂದಿನಲ್ಲಿ ಮಸಿ ಬಿದ್ದರೆ ಬೀಗ ಪೂರ್ತಿ ಬಿದ್ದಿದೆ ಎಂದರ್ಥ.

ಎತ್ತಿ ನೋಡಿದೆ. ಉಕ್ಕಿನಲ್ಲಿ ಮಸಿ ಇಲ್ಲ. ಹಿಡಿ ಬಂದು ಕೂರುವ ಜಾಗದ ಮರದಲ್ಲಿ ಮೂರು ಬೆಳ್ಳಿ ತಗಡಿನ ಗೆರೆ ಕೂರಿಸಿದ್ದರು, ವಿಭೂತಿ ಪಟ್ಟೆಯ ಹಾಗೆ. ಮಸಿ ಎಲ್ಲಾ ಅವುಗಳ ಮೇಲಿತ್ತು. ಗೆರೆಗಳು ಮರಕ್ಕಿಂತ ಒಂದು ಅಕ್ಕಿಕಾಳಿನಷ್ಟು ಎದ್ದಿದ್ದವು. ಹಿಡಿ ಅವಕ್ಕೆ ತಾಗಿ ನಿಲ್ಲುತ್ತಿತ್ತು. ನೋಡಿದವರಿಗೆ ಬೀಗ ಬಿದ್ದ ಹಾಗೇ ಕಾಣುತ್ತದೆ. ಬಿದ್ದಿರುವುದು ಅರ್ಧ.

"ಈ ಗೆರೆ ಯಾರ್ ಹಾಕ್ಸಿದ್ದಮ್ಮ?" ಎಂದೆ.

"ನಾನೇ," ಎಂದರು ಬಸಮ್ಮ. ಮುಖ ಸ್ವಲ್ಪ ಅರಳಿತು. "ಆಯುಧಪೂಜೆಗೆ ಹಾಕ್ಸಿದ್ದು. ಹಳೇಬೀಡ್ನಲ್ಲಿ ಒಬ್ಬ ಅಕ್ಕಸಾಲಿ ಇದ್ದ. ನಂ ಯಜಮಾನ್ರು ಸ್ನಾನ ಆದ್ಮೇಲೆ ವಿಭೂತಿ ಇಕ್ಕಳದು ಮರೆತೋಗ್ತಿದ್ರು. ಕೋವಿ ಮರೀತಿರ್ಲಿಲ್ಲ. ಕೋವಿ ಬಾಗ್ಲು ಹಾಕ್ದಾಗೆಲ್ಲ ಕೈ ಇಲ್ಲಿಗೇ ಬರ್ಬೇಕಲ್ಲ, ಇಲ್ಲೇ ಇರ್ಲಿ ಅಂದೆ. ಕತ್ಲಲ್ಲೂ ಬೆರಳಿಗೆ ಸಿಗೋ ಹಂಗೆ ಒಸಿ ಎತ್ತರಕ್ಕೆ ಕೂರ್ಸು ಅಂತಾನೂ ನಾನೇ ಹೇಳಿದ್ದು."

"ಆಮೇಲ್ ಎಷ್ಟ್ ಸಲ ಹೊಡುದ್ರು?"

"ಎಲ್ ಹೊಡುದ್ರಪ್ಪ. ಹನ್ನೆರಡ್ ದಿನಕ್ಕೆ ಆನೆ ಬಂತು. ಅದೇ ಮೊದಲ್ನೇ ಗುಂಡು."

ನಾನು ಅವರಿಗೆ ಬೆನ್ನು ತಿರುಗಿಸಿ, ಮೇಜಿನ ಮೇಲಿದ್ದ ಮುರಿದ ಹಿಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮೈಯೆಲ್ಲ ಕೆಂಪು ತುಕ್ಕು. ಅಡಿಯಲ್ಲಿ, ಗೆರೆಗಳು ತಾಗುವ ಜಾಗದಲ್ಲಿ ಮಾತ್ರ, ತುಕ್ಕು ಹಿಡಿಯದ ಮೂರು ಕಪ್ಪು ಗೀರು. ಉಗುರಿನಿಂದ ಕೆರೆದೆ. ಬೆಳ್ಳಿ.

"ಎಲ್ರೂ ಸ್ಥಳದಲ್ಲೇ ಹೋಗ್ಬೇಕಿತ್ತು ಅಂದ್ರು," ಬಸಮ್ಮ ನನ್ನ ಬೆನ್ನಿಗೆ ಹೇಳುತ್ತಿದ್ದರು. "ಆಸ್ಪತ್ರೆ ಗಂಟ ಜೀವ ಇತ್ತು. ನನ್ ಕೂಡೆ ಎರಡ್ ಮಾತಾಡಿದ್ರು. ಆ ಗೆರೆ ಇದ್ದಿದ್ಕೇ ಅಷ್ಟಾದ್ರೂ ಸಿಕ್ತು ಕೆಂಚಯ್ಯ."

ಮಾತಿಗೆ ಮಾತು ಸೇರಿಸುವುದರಲ್ಲಿ ಈ ತಾಲ್ಲೂಕಿನಲ್ಲಿ ನನ್ನ ಸಮ ಯಾರೂ ಇಲ್ಲ. ಅವತ್ತು ಬಾಯಿಯ ಬದಲು ಕೈ ಕೆಲಸ ಮಾಡಿತು. ಸಣ್ಣ ಅರ ತೆಗೆದುಕೊಂಡು ಆ ಮೂರು ಗೀರನ್ನೂ ಉಜ್ಜಿ ಹಾಕಿದೆ. ಹತ್ತು ಸಲ ಉಜ್ಜುವಷ್ಟರಲ್ಲಿ ಹೋದವು.

ಹೊಸ ಹಿಡಿಯನ್ನೇ ಸ್ವಲ್ಪ ಮೇಲಕ್ಕೆ ಬಾಗಿಸಿದರೆ ಗೆರೆ ಉಳಿಯುತ್ತವೆ ಎಂದು ಯೋಚಿಸಲಿಲ್ಲವೆಂದಲ್ಲ. ಆದರೆ ಗೆಂಡೆಹಳ್ಳಿಯ ತಂಪಿಗೆ ಮರ ಉಬ್ಬುತ್ತದೆ, ತಗಡು ಏಳುತ್ತದೆ. ಮುಂದಿನ ಮಳೆಗಾಲಕ್ಕೆ ಮತ್ತೆ ತಾಗಿದರೆ ಅವತ್ತು ಅಲ್ಲಿರುವ ಮುಖ ಇಂದುಧರನದು.

"ಅಮ್ಮಾ, ಈ ಗೆರೆ ತೆಗೀಬೇಕು," ಎಂದೆ.

"ಯಾಕೆ?"

"ನೆನ್ನೆ ಕನಸ್ನಾಗೆ ನಿಮ್ ಮಠದ ಸ್ವಾಮೇರು ಬಂದಿದ್ರು. ವಿಭೂತಿ ಹಣೆಗೆ ಇರ್ಬೇಕು, ಕೋವಿಗಲ್ಲ ಅಂದ್ರು."

"ಸ್ವಾಮೇರು ನಿನ್ ಕನಸಿಗ್ ಬಂದಿದ್ರಾ?"

"ಕುರ್ಚಿ ಹಾಕ್ಕೊಟ್ಟೆ. ಬ್ಯಾಡ ಅಂದ್ರು, ನಿಂತೇ ಹೇಳಿದ್ರು."

"ಥೂ, ನಿನ್ ಬಾಯಿಗಿಷ್ಟು. ಸ್ವಾಮೇರ್ನೂ ಬಿಡಾದಿಲ್ವಲ್ಲೋ. ನಿಜ ಹೇಳು."

ನಿಜದ ಅರ್ಧ ಹೇಳಿದೆ. ಹಿಡಿ ಗೆರೆಗೆ ತಾಗುತ್ತಿದೆ, ಬೀಗ ಬೀಳುತ್ತಿಲ್ಲ, ಹೊಡೆದರೆ ಮಗನ ಮುಖಕ್ಕೆ ಬರುತ್ತದೆ. ಅವರ ಕೈ ಸೆರಗಿಗೆ ಹೋಯಿತು.

"ಮತ್ತೆ ಅವಾಗ?" ಎಂದರು ನಿಧಾನಕ್ಕೆ.

"ಅವಾಗ ತಾಗ್ತಿರ್ಲಿಲ್ಲಮ್ಮ. ಹಳೇ ಹಿಡಿ ತೆಳ್ಳಗಿತ್ತು. ನಾನ್ ಮಾಡಿರದು ಒಂದ್ ಚೂರ್ ದಪ್ಪ ಆಗೈತೆ. ನಂದೇ ತಪ್ಪು."

"ಹಂಗಾರೆ ನಿಂದೇ ಉಜ್ಜು. ನನ್ ಗೆರೆ ಯಾಕ್ ಕೀಳ್ತಿ?"

ಅಷ್ಟರಲ್ಲಿ ಬಸಮ್ಮ ಎದ್ದು ಬಂದಿದ್ದರು. "ಹಳೇದ್ ಕೊಡಿಲ್ಲಿ," ಎಂದು ಮೇಜಿನಿಂದ ತಾವೇ ತೆಗೆದುಕೊಂಡರು. ಕೋವಿಯಲ್ಲಿದ್ದ ಹೊಸ ಹಿಡಿಯ ಪಕ್ಕಕ್ಕೆ ಅದನ್ನು ಹಿಡಿದು, ಹೆಬ್ಬೆರಳಿನಿಂದ ಒಂದರ ದಪ್ಪ ನೋಡಿದರು, ಇನ್ನೊಂದರ ದಪ್ಪ ನೋಡಿದರು. ಐವತ್ತು ವರ್ಷ ರೊಟ್ಟಿ ತಟ್ಟಿದ ಕೈ; ಎರಡೂ ಒಂದೇ ದಪ್ಪ ಎಂದು ಅದಕ್ಕೆ ತಿಳಿಯಿತು. ಆಮೇಲೆ ಹಳೆಯದನ್ನು ಮಗುಚಿದರು.

"ಮೈಯೆಲ್ಲ ತುಕ್ಕು ಹಿಡ್ದೈತೆ," ಎಂದರು. "ಇಲ್ ಮಾತ್ರ ಹೊಳೀತೈತಲ್ಲ. ಇದನ್ ಯಾಕ್ ಉಜ್ಜಿದೆ ಕೆಂಚಯ್ಯ?"

ಅರದ ಪುಡಿ ಇನ್ನೂ ನನ್ನ ಬೆರಳಿನಲ್ಲೇ ಇತ್ತು. ಹೊರಗೆ ಯಾವುದೋ ಬಸ್ಸಿನ ಕಂಡಕ್ಟರ್ ಬಾಗಿಲು ಬಡಿದು ಊರುಗಳ ಹೆಸರು ಕೂಗುತ್ತಿದ್ದ. ಅವನು ಕೂಗಿ ಮುಗಿಸಿ ಬಸ್ಸು ಹೊರಟುಹೋಗುವವರೆಗೂ ಬಸಮ್ಮ ಆ ಹೊಳೆಯುವ ಜಾಗವನ್ನೇ ನೋಡುತ್ತಿದ್ದರು.

"ಎತ್ತರಕ್ಕೆ ಕೂರ್ಸು ಅಂತ ನಾನೇ ಹೇಳಿದ್ದು," ಎಂದರು.

ಮೇಜಿನ ಮೇಲಿದ್ದ ಸ್ಕ್ರೂಡ್ರೈವರ್ ತೆಗೆದುಕೊಂಡು ಮೊದಲ ಗೆರೆಯ ತುದಿಗೆ ಚುಚ್ಚಿದರು. ತಡೆಯಲು ಕೈ ಚಾಚಿದೆ, ಅವರು ನೋಡಿದ ನೋಟಕ್ಕೆ ವಾಪಸ್ ತೆಗೆದುಕೊಂಡೆ. ಎರಡು ಗೆರೆ ಮರದ ಸಿಬಿರಿನ ಸಮೇತ ಎದ್ದು ಬಂದವು. ಮೂರನೆಯದು ಬರಲಿಲ್ಲ. ಸ್ಕ್ರೂಡ್ರೈವರ್ ಜಾರಿ ಅವರ ಎಡಗೈಯ ಹೆಬ್ಬೆರಳು ಕುಯ್ದಿತು.

"ಇದ್ ಒಂದ್ ನೀನ್ ತೆಗಿ," ಎಂದು ಸ್ಟೂಲಿಗೆ ಹೋಗಿ ಕೂತು ಬೆರಳಿಗೆ ಬಟ್ಟೆ ಸುತ್ತಿಕೊಂಡರು.

ತೆಗೆದೆ. ಮರವನ್ನು ಅರದಿಂದ ತಗ್ಗಿಸಿದೆ. ಮತ್ತೆ ಮಸಿ ಹಿಡಿಸಿ, ಒತ್ತಿ, ಎತ್ತಿದೆ. ಮಸಿ ಉಕ್ಕಿನ ಮೇಲೆ ಬಿದ್ದಿತ್ತು, ಅಂಚಿನಿಂದ ಅಂಚಿಗೆ. ಬೀಗವನ್ನು ಕಚ್ಚಿ ಹಿಡಿಯುವ ಬೋಲ್ಟಿನ ಹಲ್ಲುಗಳನ್ನು ಇನ್ನೊಂದು ಸಲ ನೋಡಿದೆ. ಸವೆದಿರಲಿಲ್ಲ. ಅವರಿಗೆ ತೋರಿಸಿದೆ.

"ಇಷ್ಟೇನಾ?" ಎಂದರು.

"ಇಷ್ಟೇ ಅಮ್ಮ."

ಇಂದುಧರ ಜೆರಾಕ್ಸ್ ಹಿಡಿದು ಒಳಗೆ ಬಂದ. ಮರದ ಮೇಲಿನ ಗಾಯ ನೋಡಿದ, ತಾಯಿಯ ಬೆರಳಿಗೆ ಸುತ್ತಿದ್ದ ಬಟ್ಟೆ ನೋಡಿದ.

"ಅವ್ವಾ, ಗೆರೆ ಏನಾದ್ವು?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಬಸಮ್ಮ ಹೇಳಿದರು, "ಕೆಂಚಯ್ಯನ ಅರ ಜಾರ್ತು. ಕಿತ್ತೋದ್ವು. ಹಿಡಿಯಕ್ ಹೋಗಿ ನನ್ ಕೈಗೂ ತಾಗ್ತು."

ನನ್ನ ಮುಖ ಒಂದು ಚೂರೂ ಕದಲದ ಹಾಗೆ ಸುಳ್ಳು ಹೇಳುವುದನ್ನು ಕಲಿಯಲು ನನಗೆ ಇಪ್ಪತ್ತು ವರ್ಷ ಹಿಡಿದಿತ್ತು. ಆ ತಾಯಿ ಒಂದೇ ಸಲಕ್ಕೆ ಹೇಳಿದರು.

"ನಮ್ಮಪ್ಪಂದು ಅಂತ ಉಳಿದಿದ್ದೇ ಅದೊಂದು ಕಣ್ರೀ!" ಇಂದುಧರ ಜೆರಾಕ್ಸನ್ನು ಮೇಜಿಗೆ ಬಡಿದ. "ಬೊಗಳೆ ಬಿಡಾದ್ರಲ್ಲಿ ಇರೋ ಗಮನ ಕೆಲ್ಸದ್ ಮೇಲಿಡಕ್ಕೆ ಏನ್ ರೋಗ ನಿಮ್ಗೆ?"

"ಜಾರ್ತಪ್ಪ," ಎಂದೆ. "ತಪ್ಪಾಯ್ತು."

"ಬಿಡೋ," ಎಂದರು ಬಸಮ್ಮ. "ವಯಸ್ಸಾಯ್ತು ಅವ್ನಿಗೆ."

ನನಗೆ ಐವತ್ತೆರಡು. ಅದನ್ನೂ ಒಪ್ಪಿಕೊಂಡೆ.

ಹೊರಡುವಾಗ ಬಸಮ್ಮ ಬೆಳ್ಳಿ ಚೂರುಗಳನ್ನು ಮೇಜಿನ ಮೇಲೇ ಬಿಟ್ಟರು. ತುಕ್ಕು ಹಿಡಿದ ಹಳೆಯ ಹಿಡಿಯನ್ನು ಮಾತ್ರ ಸೆರಗಿನ ತುದಿಗೆ ಕಟ್ಟಿಕೊಂಡರು.

"ಅದ್ಯಾಕವ್ವ?" ಎಂದ ಮಗ.

"ಕೊಟ್ಗೆ ಬಾಗ್ಲಿಗೆ ಒಂದ್ ಅಗಳಿ ಬೇಕಿತ್ತು," ಎಂದು ಅವನ ಭುಜ ಹಿಡಿದುಕೊಂಡು ಮೆಟ್ಟಿಲು ಇಳಿದರು.