ಬಿಳಿ ಉಣ್ಣೆಯ ಜೋಡಿ

ಒದ್ದೆ ಕುರಿಯ ವಾಸನೆ, ಹೌದು, ಅದೇ, ಕಿಟಕಿಯ ಬಿಸಿಲು ತಾಗಿದ್ದೇ ತಡ ಉಣ್ಣೆಯ ಹಾಸು ಉಸಿರು ಬಿಡುತ್ತದೆ, ಅಲ್ಮಾಟಿಯ ಈ ಹಳೇ ಗ್ಯಾರೇಜು ಅಜ್ಜಿಯ ಅಂಗಳವಾಗಿಬಿಡುತ್ತದೆ — ಕುದಿನೀರು ಸುರಿದು, ಜೊಂಡಿನ ಚಾಪೆಯಲ್ಲಿ ಸುತ್ತಿ, ಹೆಂಗಸರೆಲ್ಲ ಮೊಣಕೈಯೂರಿ ಉರುಳಿಸುತ್ತಿದ್ದಾರೆ, ತೊರ್ಗಿನ್ ಇನ್ನೂ ಪುಟ್ಟವಳು, ಒತ್ತೇ, ಒತ್ತು, ನಿನ್ನ ಮದುವೆಗೇ ಕಣೇ ಇದು, ಎಂದು ಬಲ್ಜಾನಜ್ಜಿ ನಗುತ್ತಾಳೆ. ಎಲ್ಲಿಯ ಮದುವೆ, ಮೂವತ್ತು ದಾಟಿ ಎಷ್ಟಾಯಿತೋ, ಹಾಸು ಮಾತ್ರ ಬಂದಿದೆ, ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು, ಬಸ್ಸಿನಲ್ಲಿ, ಅಜ್ಜಿಯ ಮಡಿಲಲ್ಲಿ ಕೂತು. ಈಗ ಕೊಯ್ಯಬೇಕು. ಟಗರುಕೊಂಬಿನ ಸುರುಳಿಗಳನ್ನು ಇದ್ದಿಲಿನಲ್ಲಿ ಬರೆದಾಗಿದೆ, ಒಂದೊಂದು ಬಿಳಿ ಕೊಂಬನ್ನೂ ಕೊಯ್ದು ತೆಗೆದು ತೂತುಗಳನ್ನೇ ನೇತುಹಾಕುವುದು, ಶುಕ್ರವಾರದ ಕಲಾಪ್ರದರ್ಶನದಲ್ಲಿ ಗೋಡೆಯ ಮೇಲೆ ಬೆಳಕಿನ ಕೊಂಬು ಬೀಳಬೇಕು — ತಪ್ಪಿದರೆ? ಇನ್ನೊಂದು ಹಾಸಿಲ್ಲ, ಇನ್ನಾಗುವುದೂ ಇಲ್ಲ, ಅಜ್ಜಿಯ ಬೆರಳುಗಳು ಶುಂಠಿಗೆಣ್ಣಿನಂತೆ ಸೊಟ್ಟಗಾಗಿವೆ, ಚಹಾದ ಬಟ್ಟಲನ್ನೂ ಎರಡು ಕೈಯಲ್ಲಿ ಹಿಡಿಯುತ್ತಾಳೆ.

ಕೆಳಗೆ ಏನು ಹಾಕಿದ್ದೀ, ಅಂದಳು ಅಜ್ಜಿ ಮೂಲೆಯ ಕುರ್ಚಿಯಿಂದ, ಏನೂ ಇಲ್ಲಜ್ಜಿ, ಇದೊಂದೇ, ಅಯ್ಯೋ ಪಾಪೀ, ಒಂಟಿ ಉಣ್ಣೆ ಕೊಯ್ಯೋದಾ, ನಮ್ಮ ಕಡೆ ಯಾರಾದ್ರೂ ಹಂಗೆ ಮಾಡಿದ್ದುಂಟಾ — ಬಿಳಿಯ ಕೆಳಗೆ ಕಂದು, ಒಂದೇ ಚಾಕುವಿನಲ್ಲಿ ಎರಡೂ, ಬಿಳಿ ಕೊಂಬು ಕಂದಿನ ತೂತಿಗೆ, ಕಂದು ಕೊಂಬು ಬಿಳಿಗೆ, ಒಂದು ಕೊಯ್ತಕ್ಕೆ ಎರಡು ಸಿರ್ಮಾಕ್ ಹಾಸು, ಒಂದು ನಮಗೆ, ಇನ್ನೊಂದು ಬೀಗರಿಗೆ, ಚೂರೂ ದಂಡವಿಲ್ಲ — ತೊರ್ಗಿನಳಿಗೆ ಗೊತ್ತಿತ್ತಲ್ಲ, ಹಾಲು ಕುಡಿಯುವಾಗಿನಿಂದ ಗೊತ್ತಿತ್ತು, ಹೇಗೆ ಮರೆತಳು. ತೆಗೆದ ಕೊಂಬು ಎಲ್ಲಿಗೆ ಹೋಗ್ತವೆ, ನನ್ನ ಒಂಟೆಮರೀ, ಅಜ್ಜಿಯ ದನಿ ಸಣ್ಣಗಾಯಿತು, ಕಸದ ಬುಟ್ಟಿಗಾ? ತಿಂಗಳುಗಟ್ಟಲೆ ತೂತಿನದೇ ಧ್ಯಾನ, ತೆಗೆದದ್ದರ ಬಗ್ಗೆ ಒಂದು ದಿನವೂ ಯೋಚಿಸಲಿಲ್ಲ, ನಾಚಿಕೆ, ಕಿವಿಯೆಲ್ಲ ಬಿಸಿ.

ಕಂದು ಉಣ್ಣೆ ಎಲ್ಲಿಂದ ತರಲಿ, ಬಾಗಿಲ ಬಳಿ ಆ ಪ್ಲಾಸ್ಟಿಕ್ ಹಾಳೆ ಬಿದ್ದಿದೆ, ಅಜ್ಜಿ ಟೊಮೇಟೊ ಸಸಿಗೆ ಹೊದಿಸುತ್ತಿದ್ದದ್ದು, ಮಾಸಿದೆ, ಆದರೂ ಉಣ್ಣೆಯ ತೂತಿಗೆ ಕೂರಿಸಿದರೆ ಬೆಳಕು ಹಾಯುತ್ತದೆ, ಬೇಕಾಗಿದ್ದದ್ದು ಬೆಳಕೇ ತಾನೆ — ಎಳೆದು ತಂದು ಕೆಳಗೆ ಹರಡಿದಳು. ಬಟ್ಟಲು ಕೆಳಗಿಟ್ಟ ಸದ್ದು. ಪ್ಲಾಸ್ಟಿಕ್ಕಿಗೂ ಉಣ್ಣೆಗೂ ಬೀಗತನ ಬೆಳೆಸ್ತೀಯೇನೇ ಹುಚ್ಚೀ! ಬೈಗುಳವೋ ನಗುವೋ, ತಿರುಗಿ ನೋಡಲು ಧೈರ್ಯವಿಲ್ಲ — ಹೋಗ್ಲಿ ಬಿಡು, ನಿನಗಂತೂ ಜೋಡಿ ಸಿಗ್ಲಿಲ್ಲ, ನಿನ್ನ ಉಣ್ಣೆಗಾದ್ರೂ ಸಿಕ್ತಲ್ಲ, ಎರಡರಲ್ಲಿ ನನ್ನ ಪಾಲು ಯಾವ್ದು ಹೇಳು. ಪಾಲು ಕೇಳಿದಳು, ಅಂದರೆ ಒಪ್ಪಿದಳು, ಒಪ್ಪಿಬಿಟ್ಟಳು, ಯಾವ್ದು ಬೇಕೋ ತಗೋ ಅಜ್ಜಿ. ಪ್ಲಾಸ್ಟಿಕ್ಕಿಂದೇ ಕೊಡು, ಅಡುಗೆಮನೆ ಕಿಟಕಿಗೆ ಕಟ್ತೀನಿ, ಪಕ್ಕದ್ಮನೆಯವರು ಹೊಟ್ಟೆ ಉರ್ಕೊಳ್ಳಿ.

ಸೊಟ್ಟ ಬೆರಳುಗಳು ಬಂದು ತೊರ್ಗಿನಳ ಕೈಯ ಮೇಲೆ ಕೂತವು, ಒತ್ತೇ, ಒತ್ತು, ಚಾಕು ಉಣ್ಣೆಗಿಳಿಯಿತು, ಕೆಳಗೆ ಕರ್ ಎಂದಿತು ಪ್ಲಾಸ್ಟಿಕ್, ಎರಡೂ ಒಟ್ಟಿಗೆ, ಒಂದು ತಿರುವು, ಇನ್ನೊಂದು, ತೊರ್ಗಿನ್ ಹಾಳೆಯನ್ನು ಹೊರಗೆಳೆದು, ಕೊಯ್ದ ಕೊಂಬನ್ನು ಅದರ ತೂತಿಗೆ ಇಟ್ಟಳು, ಕೂದಲೆಳೆಯಷ್ಟೂ ಸಂದಿಲ್ಲ, ಅಂಗೈ ಅಡಿಗೆ ಕೊಟ್ಟು ಕಿಟಕಿಗೆ ಹಿಡಿದಳು — ಸುತ್ತಲೂ ಬೆಳಕು, ನಡುವೆ ಬಿಳಿ ಕೊಂಬು, ಬಿಳಿ ಕೊಂಬು —